ಬಟ್ಟಲೊಳಗಣ ಹಿಮಗಿರಿ



ಈ ಸಂಜೆ ನಾನು ತಮ್ಮ ಮುಂದೆ ಇಡಹೊರಟಿರುವ ಸಿಹಿಯು ನಮ್ಮ ಅಡಿಗೆಮನೆಗಳಲ್ಲಿ ಹುಟ್ಟಿದುದಲ್ಲ. ಅದರ ಮುಖ್ಯ ಪದಾರ್ಥವಾದ ಚೆಸ್ಟ್‌ನಟ್ ಎಂಬ ಕಾಯಿಗೆ ಕನ್ನಡದಲ್ಲಿ ಬಳಕೆಯ ಹೆಸರೇ ಇಲ್ಲ. ಆ ಕಾಯಿಯನ್ನು ಕೊಡುವ ಮರವು ನಮ್ಮ ತೋಟಗಳಲ್ಲಿ ಬೆಳೆಯತಕ್ಕದ್ದೂ ಅಲ್ಲ. ಹಾಗಿದ್ದಮೇಲೆ ಇದರ ವಿಷಯವಾಗಿ ಮಾತನಾಡುವ ಪ್ರಯಾಸವೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಪರದೇಶಗಳಿಗೆ ಹೋಗಿಬಂದ ಬಂಧುಗಳು ಇದರ ರುಚಿಯನ್ನು ಹೊಗಳುವುದನ್ನು ನಾವು ಕೇಳಿರುತ್ತೇವೆ. ಅವರು ತಂದುಕೊಟ್ಟ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯದೆ ಬೀರುವಿನ ಮೇಲಿನ ಹಲಗೆಯಲ್ಲಿ ಇಟ್ಟು ಮರೆತಿರುತ್ತೇವೆ. ಎಲ್ಲೋ ಒಬ್ಬಿಬ್ಬರು ಧೈರ್ಯಮಾಡಿ ಮಾಡಹೊರಟು, ಮೆರಾಂಗ್ ಅಂಟಾಗಿ ಹೋಯಿತೆಂದು ಕೈಬಿಟ್ಟಿರುತ್ತಾರೆ. ನಾನೂ ಹಾಗೆ ಕೈಬಿಟ್ಟವಳೇ. ಮತ್ತೆ ಕೈಗೆತ್ತಿಕೊಂಡದ್ದು ಈ ಸಿಹಿಯ ಹಿಂದಿನ ಕಥೆಯನ್ನು ತಿಳಿದುಕೊಂಡ ಮೇಲೆ. ನೋಡುವುದಕ್ಕೆ ರಾಜಭೋಗದಂತೆ ಕಾಣುವ ಈ ತಿಂಡಿಯಲ್ಲಿ ಒಡೆದದ್ದು, ಉಳಿದದ್ದು, ಮುರಿದದ್ದು ಎಷ್ಟಿದೆಯೆಂಬುದು ಗೊತ್ತಾದ ಮೇಲೆ ನನಗೆ ಅದರ ಭಯ ಹೋಯಿತು.

ಹೆಸರಿನಿಂದಲೇ ಆರಂಭಿಸೋಣ. ಫ್ರಾನ್ಸ್ ಮತ್ತು ಇಟಲಿ ದೇಶಗಳ ಗಡಿಯಲ್ಲಿ ಆಲ್ಪ್ಸ್ ಪರ್ವತಸಾಲಿನ ಅತ್ಯುನ್ನತ ಶಿಖರವೊಂದಿದೆ. ಅದು ಸುಮಾರು 4,800 ಮೀಟರು ಎತ್ತರವಿರುತ್ತದೆ. ಫ್ರೆಂಚರು ಅದನ್ನು ಮೊಂ ಬ್ಲಾಂ ಎಂತಲೂ, ಇಟಲಿಯವರು ಮೊಂತೆ ಬಿಯಾಂಕೊ ಎಂತಲೂ ಕರೆಯುತ್ತಾರೆ. ಎರಡಕ್ಕೂ ಅರ್ಥ ಬಿಳಿಯ ಬೆಟ್ಟ, ನಮ್ಮ ಮಾತಿನಲ್ಲಿ ಹೇಳುವುದಾದರೆ ಧವಳಗಿರಿ. ಬಾಲ್ಮಾ ಮತ್ತು ಪಕ್ಕಾರ್ ಎಂಬ ಇಬ್ಬರು 1786ರಲ್ಲಿ ಅದರ ತುದಿಯನ್ನು ಮೊದಲು ಮುಟ್ಟಿದರು. ಆ ಬೆಟ್ಟದ ತಪ್ಪಲಿನ ಸೀಮೆಗಳಲ್ಲಿ ಚೆಸ್ಟ್‌ನಟ್ಟನ್ನು ಬೇಯಿಸಿ, ನುಣ್ಣಗೆ ಅರೆದು, ಶಾವಿಗೆಯಂತೆ ಒತ್ತಿ ಗೋಪುರಮಾಡಿ, ಮೇಲೆ ನೊರೆಗಟ್ಟಿದ ಕೆನೆಯನ್ನು ಹಿಮದಂತೆ ಮುಚ್ಚುವ ಪದ್ಧತಿಯಿದೆ. ಕಂದುಬಣ್ಣದ ಬಂಡೆಯ ಮೇಲೆ ಬಿಳಿಯ ಮಂಜು. ಹೆಸರು ಬಂದದ್ದು ಈ ಹೋಲಿಕೆಯಿಂದ. ಸ್ವಿಟ್ಸರ್ಲೆಂಡಿನವರು ಇದೇ ಒತ್ತಿದ ಚೆಸ್ಟ್‌ನಟ್ಟಿಗೆ ವೆರ್ಮಿಸೆಲ್ ಎನ್ನುತ್ತಾರೆ, ಅಂದರೆ ಶಾವಿಗೆ. ನಮ್ಮ ಹೆಂಗಸರಿಗೆ ಇದು ಕೇಳಿದೊಡನೆ ಅರ್ಥವಾಗುವ ಹೆಸರು.

ಪದಾರ್ಥದ ಪರಿಚಯವನ್ನು ಸ್ವಲ್ಪ ವಿವರವಾಗಿಯೇ ಮಾಡಿಕೊಡಬೇಕು. ಏಕೆಂದರೆ ಹೆಸರಿನ ಗೊಂದಲದಿಂದ ಅನರ್ಥವಾಗುವ ಸಂಭವವುಂಟು. ಉತ್ತರ ಹಿಂದೂಸ್ಥಾನದ ಕೆರೆಗಳಲ್ಲಿ ಬೆಳೆಯುವ ಸಿಂಘಾಡವನ್ನು ಇಂಗ್ಲಿಷಿನಲ್ಲಿ ನೀರಿನ ಚೆಸ್ಟ್‌ನಟ್ ಎನ್ನುವುದುಂಟು. ನಾವು ಮಾತನಾಡುತ್ತಿರುವುದು ಅದಲ್ಲ. ಕುದುರೆ ಚೆಸ್ಟ್‌ನಟ್ ಎಂಬುದು ಮತ್ತೊಂದು. ಅದು ನೋಡುವುದಕ್ಕೆ ತದ್ರೂಪವಾಗಿದ್ದರೂ ಕಹಿ ಮತ್ತು ವಿಷಕಾರಿ. ಅದನ್ನು ಎಂದಿಗೂ ತಿನ್ನಕೂಡದು. ವಿನೋದವೇನೆಂದರೆ ಫ್ರೆಂಚರು ಈ ವಿಷದ ಕಾಯಿಗೆ ಇಂಡಿಯಾದ ಮರೋಂ ಎಂದು ಹೆಸರಿಟ್ಟಿದ್ದಾರೆ. ಆ ಮರದ ತವರು ಬಾಲ್ಕನ್ ಸೀಮೆ. ಅಪವಾದ ಮಾತ್ರ ನಮ್ಮ ದೇಶದ ಮೇಲೆ! ತಿನ್ನುವ ಚೆಸ್ಟ್‌ನಟ್ಟು ಕಂದುಬಣ್ಣದ ಹೊಳೆಯುವ ಸಿಪ್ಪೆಯೊಳಗೆ, ಒಗರಾದ ತೆಳುಪೊರೆಯನ್ನು ಹೊದ್ದುಕೊಂಡಿರುವ ಬೀಜ. ಬಾದಾಮಿ ಗೋಡಂಬಿಗಳಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿದ್ದರೆ, ಇದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಹಸಿಯ ಬೀಜದಲ್ಲಿ ಹೆಚ್ಚು ಕಡಮೆ ಅರ್ಧ ನೀರು. ಉಳಿದುದರಲ್ಲಿ ಬಹುಭಾಗ ಪಿಷ್ಟ, ಕೊಂಚ ಸಕ್ಕರೆ. ಆದುದರಿಂದ ಇದನ್ನು ಕಾಯಿಯೆನ್ನುವುದಕ್ಕಿಂತ ಮರದಲ್ಲಿ ಬೆಳೆಯುವ ಧಾನ್ಯವೆಂದರೆ ಸರಿಯಾದೀತು. ರುಚಿಯ ಅಂದಾಜು ಬೇಕಾದರೆ ಬೇಯಿಸಿದ ಹಲಸಿನ ಬೀಜವನ್ನು ನೆನೆಯಿರಿ. ಅದೇ ಹಿಟ್ಟುಹಿಟ್ಟಾದ ಕಚ್ಚು, ಅದೇ ಒಳಪೊರೆಯ ಕಾಟ, ಕೆಂಡದಲ್ಲಿ ಹಾಕಿದರೆ ಸಿಡಿಯುವ ಅದೇ ಸ್ವಭಾವ. ಅದಕ್ಕೆ ಒಂದಿಷ್ಟು ಗೆಣಸಿನ ಸಿಹಿಯನ್ನು ಸೇರಿಸಿಕೊಂಡರೆ ಚೆಸ್ಟ್‌ನಟ್ಟಿನ ಹತ್ತಿರಕ್ಕೆ ಬರುತ್ತೀರಿ.

ಈಗ ಕಥೆಗೆ ಬರುತ್ತೇನೆ. ಫ್ರಾನ್ಸಿನ ದಕ್ಷಿಣದಲ್ಲಿ ಸೆವೆನ್ ಮತ್ತು ಆರ್ದೇಶ್ ಎಂಬ ಬೆಟ್ಟದ ಸೀಮೆಗಳಿವೆ. ಕಡಿದಾದ ಇಳಿಜಾರು, ಗೋಧಿ ಬೆಳೆಯುವಂಥ ನೆಲವಲ್ಲ. ಅಲ್ಲಿಯ ಬಡವರು ಶತಮಾನಗಳ ಕಾಲ ಚೆಸ್ಟ್‌ನಟ್ಟನ್ನು ತಿಂದು ಬದುಕಿದರು. ಶರತ್ಕಾಲದಲ್ಲಿ ಉದುರಿದ ಕಾಯಿಗಳನ್ನು ಆಯ್ದು, ಕ್ಲೇದ್ ಎಂಬ ಕಲ್ಲಿನ ಪುಟ್ಟ ಮನೆಗಳ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಹೊಗೆಯ ಬೆಂಕಿಯಿಟ್ಟು ಒಣಗಿಸುತ್ತಿದ್ದರು. ಒಣಗಿದ ಕಾಯಿಯೇ ಚಳಿಗಾಲದ ಗಂಜಿ, ಅದೇ ಹಿಟ್ಟು, ಹಂದಿಗಳಿಗೂ ಅದೇ ಮೇವು. ಅದಕ್ಕಾಗಿಯೇ ಆ ಮರವನ್ನು ಅವರು ರೊಟ್ಟಿಯ ಮರ ಎಂದು ಕರೆದರು. ಆದರೆ ಅವರಿಗೆ ಇನ್ನೊಂದು ಮರವೂ ಇದ್ದಿತು. ಅದಕ್ಕೆ ಅವರು ಕೊಟ್ಟ ಹೆಸರು ಚಿನ್ನದ ಮರ. ಅದು ಯಾವುದೆಂದು ನಮ್ಮವರು ಊಹಿಸಬಲ್ಲರು. ಅದು ಹಿಪ್ಪುನೇರಳೆ. ಹೊಟ್ಟೆಗೆ ಚೆಸ್ಟ್‌ನಟ್, ಕೈಯಲ್ಲಿ ನಾಲ್ಕು ಕಾಸು ಆಡುವುದಕ್ಕೆ ರೇಷ್ಮೆ. ಹೀಗೆ ಎರಡು ಮರಗಳ ಆಶ್ರಯದಲ್ಲಿ ಆ ಸೀಮೆ ಬದುಕಿತ್ತು.

1853ರಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 26,000 ಟನ್ ರೇಷ್ಮೆಗೂಡು ಬೆಳೆಯಿತೆಂದು ಲೆಕ್ಕವಿದೆ. ಹನ್ನೆರಡು ವರ್ಷಗಳಲ್ಲಿ ಅದು ಹೆಚ್ಚು ಕಡಮೆ ಆರರಲ್ಲೊಂದು ಪಾಲಿಗೆ ಇಳಿಯಿತು. ಕಾರಣ, ಪೆಬ್ರೀನ್ ಎಂಬ ರೋಗ. ನಮ್ಮ ರೇಷ್ಮೆ ಸೀಮೆಯ ರೈತರು ಇದನ್ನು ಗಂಟುರೋಗವೆನ್ನುತ್ತಾರೆ. ಹೆಸರನ್ನು ಕೇಳಿದರೇ ಅವರ ಮುಖ ಬಾಡುತ್ತದೆ. ಲೂಯಿ ಪಾಸ್ಚರ್ ಮಹಾಶಯನನ್ನು 1865ರಲ್ಲಿ ಸೆವೆನ್ ಸೀಮೆಯ ಅಲೇಸ್ ಪಟ್ಟಣಕ್ಕೆ ಕಳುಹಿಸಿದುದು ಈ ರೋಗದ ಪರಿಹಾರಕ್ಕಾಗಿಯೇ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಗುರುತು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡತಕ್ಕ ವಿಧಾನವನ್ನು ಆತನು ಅಲ್ಲಿ ನೆಲೆಗೊಳಿಸಿದನು. ಇಂದಿಗೂ ನಮ್ಮ ನಾಡಿನ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿರುವ ತಾಯಿ ಚಿಟ್ಟೆಯ ಪರೀಕ್ಷೆಗೆ ಮೂಲ ಅದೇ. ಹುಳು ಉಳಿಯಿತು, ಆದರೆ ಫ್ರಾನ್ಸಿನ ರೇಷ್ಮೆಯ ಹಳೆಯ ವೈಭವ ಮರಳಿ ಬರಲಿಲ್ಲ. ಹೊರದೇಶಗಳ ರೇಷ್ಮೆ ಅಗ್ಗವಾಗಿ ಬಂದು ಮಾರುಕಟ್ಟೆಯನ್ನು ತುಂಬಿತು. ಇತ್ತ ಚೆಸ್ಟ್‌ನಟ್ ಮರಗಳಿಗೂ ಶಾಯಿರೋಗವೆಂಬ ಬೇರುಕೊಳೆ ತಗುಲಿತು. ಉಳಿದ ಮರಗಳಲ್ಲಿ ಅನೇಕವನ್ನು ಚರ್ಮ ಹದಮಾಡುವ ಟ್ಯಾನಿನ್ನಿಗಾಗಿ ಕಡಿದು ಮಾರಿದರು. ರೊಟ್ಟಿಯ ಮರ, ಚಿನ್ನದ ಮರ, ಎರಡೂ ಒಂದೇ ತಲೆಮಾರಿನಲ್ಲಿ ಕೈಕೊಟ್ಟವು. ಜನರು ಊರು ಬಿಟ್ಟು ಹೊರಡತೊಡಗಿದರು.

ಇಂಥ ಕಾಲದಲ್ಲಿ, 1882ರಲ್ಲಿ, ಆರ್ದೇಶಿನ ಪ್ರಿವಾ ಎಂಬ ಊರಿನಲ್ಲಿ ಕ್ಲೆಮಾಂ ಫೋಜಿಯೇ ಎಂಬವನು ಚೆಸ್ಟ್‌ನಟ್ಟನ್ನು ಸಕ್ಕರೆಯ ಪಾಕದಲ್ಲಿ ಪಕ್ವಮಾಡುವ ಕಾರ್ಖಾನೆಯನ್ನು ತೆರೆದನು. ರೇಷ್ಮೆಯ ಕೆಲಸವನ್ನು ಕಳೆದುಕೊಂಡ ಕೈಗಳಿಗೆ ಅಲ್ಲಿ ಕೆಲಸ ದೊರೆಯಿತು. ಮರೋಂ ಗ್ಲಾಸೆ ಎಂಬ ಆ ಸಿಹಿಯನ್ನು ಮಾಡುವುದು ತಾಳ್ಮೆಯ ಕೆಲಸ. ಸಿಪ್ಪೆ ಸುಲಿದು ಬೇಯಿಸಿದ ಇಡೀ ಕಾಯಿಯನ್ನು ತೆಳುವಾದ ಪಾಕದಲ್ಲಿ ಮುಳುಗಿಸಿ, ಕೆಲವು ದಿನಗಳವರೆಗೆ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಗಟ್ಟಿಮಾಡುತ್ತ ಹೋಗಬೇಕು. ಬೆಂದ ಚೆಸ್ಟ್‌ನಟ್ಟು ಬಲು ಮೆತು; ಎಷ್ಟು ಎಚ್ಚರದಿಂದಿದ್ದರೂ ಬಹಳಷ್ಟು ಒಡೆಯುತ್ತದೆ. ಇಡಿಯಾಗಿ ಉಳಿದದ್ದು ಬಂಗಾರದ ಕಾಗದವನ್ನು ಸುತ್ತಿಕೊಂಡು ಶ್ರೀಮಂತರ ಮನೆಗೆ ಹೋಗುತ್ತದೆ. ಒಡೆದದ್ದರ ಗತಿಯೇನು? ಮೂರು ವರ್ಷಗಳಾದಮೇಲೆ, 1885ರಲ್ಲಿ, ಫೋಜಿಯೇ ಅದಕ್ಕೆ ದಾರಿ ಕಂಡನು. ಒಡೆದ ಚೂರುಗಳನ್ನು ಚೆಸ್ಟ್‌ನಟ್ಟಿನ ತಿರುಳು, ಸಕ್ಕರೆ, ವೆನಿಲಾಗಳೊಂದಿಗೆ ಅರೆದು ಲೇಹ್ಯದಂಥ ಪದಾರ್ಥವನ್ನು ಮಾಡಿ ಡಬ್ಬಿಯಲ್ಲಿ ತುಂಬಿ ಮಾರಿದನು. ಅದೇ ಕ್ರೆಮ್ ದ ಮರೋಂ. ಬಂಧುಗಳು ತಂದುಕೊಟ್ಟು ನಾವು ಬೀರುವಿನಲ್ಲಿ ಮರೆತಿರುವ ಡಬ್ಬಿಯಲ್ಲಿರುವುದು ಬಹುಶಃ ಇದೇ. ಆ ಸೀಮೆಯ ಮಕ್ಕಳು ಅದನ್ನು ಹೊಸದಾಗಿ ಒಡೆದ ಹಾಲಿನ ಗಿಣ್ಣಿನ ಮೇಲೆ ಒಂದು ಚಮಚ ಹಾಕಿಕೊಂಡು ತಿನ್ನುತ್ತಾರೆ. ಗಟ್ಟಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಅದರ ಮೇಲೆ ಹಾಕಿಕೊಂಡರೂ ಬಹು ಚೆನ್ನ. ಇನ್ನೇನೂ ಮಾಡಲಾರದವರು ಅಷ್ಟಾದರೂ ಮಾಡಬಹುದು. ಆರ್ದೇಶಿನ ಚೆಸ್ಟ್‌ನಟ್ಟಿಗೆ ಇಂದು, ನಮ್ಮ ಮೈಸೂರು ಮಲ್ಲಿಗೆಗೆ ಇರುವಂತೆ, ಹುಟ್ಟಿದ ಸ್ಥಳದ ಹೆಸರಿನ ಕಾನೂನುರಕ್ಷಣೆಯೂ ಇದೆ.

ಬೆಟ್ಟದಿಂದ ಅದು ಪ್ಯಾರಿಸ್ ನಗರಕ್ಕೆ ಇಳಿಯಿತು. ಅಂತ್ವಾನ್ ರುಂಪೆಲ್‌ಮಾಯರ್ ಎಂಬ ಆಸ್ಟ್ರಿಯ ದೇಶದ ಮಿಠಾಯಿಗಾರನು 1903ರಲ್ಲಿ ರಿವೋಲಿ ಬೀದಿಯಲ್ಲಿ ಚಹದ ಮನೆಯೊಂದನ್ನು ತೆರೆದನು. ಅದಕ್ಕೆ ಆತನ ಸೊಸೆಯ ನೆನಪಿಗಾಗಿ ಆಂಜೆಲಿನಾ ಎಂದು ಹೆಸರಾಯಿತು. ಅಲ್ಲಿಯ ಮೊಂ ಬ್ಲಾಂ ಜಗತ್ಪ್ರಸಿದ್ಧ: ಅಡಿಯಲ್ಲಿ ಗರಿಗರಿಯಾದ ಮೆರಾಂಗ್, ಮಧ್ಯದಲ್ಲಿ ಕೆನೆ, ಸುತ್ತಲೂ ಚೆಸ್ಟ್‌ನಟ್ಟಿನ ಶಾವಿಗೆ. ಬೆಟ್ಟದ ಸೀಮೆಯ ಸಿಹಿಯಲ್ಲಿ ಕೆನೆ ಮೇಲಿದ್ದರೆ ಇಲ್ಲಿ ಅದು ಒಳಗೆ ಅಡಗಿತು. 1933ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಇದೇ ಹೆಸರಿನ ಅಂಗಡಿಯೊಂದು ಹುಟ್ಟಿ, ಜಪಾನಿಯರು ತಮ್ಮ ದೇಶದ ಹಳದಿಯ ಚೆಸ್ಟ್‌ನಟ್ಟಿನಿಂದ ಈ ಸಿಹಿಯನ್ನು ತಮ್ಮದಾಗಿಯೇ ಮಾಡಿಕೊಂಡರು. ಅದು ಬೇರೊಂದು ಭಾಷಣದ ವಿಷಯ.

ಪ್ಯಾರಿಸಿನ ಗೋಪುರವನ್ನು ಮನೆಯಲ್ಲಿ ಕಟ್ಟುವುದಕ್ಕೆ ನುರಿತ ಕೈ ಬೇಕು. ಮೆರಾಂಗ್ ಬಿರುಕುಬಿಡಬಾರದು, ಕೆನೆ ಜಾರಬಾರದು, ಶಾವಿಗೆ ನಡುವೆ ತುಂಡಾಗಬಾರದು. ಅದನ್ನೇ ಗಾಜಿನ ಬಟ್ಟಲಿನಲ್ಲಿ ಪದರಪದರವಾಗಿ ತುಂಬಿದರೆ ಈ ಮೂರು ಭಯಗಳೂ ಇಲ್ಲ. ಮೆರಾಂಗ್ ಮುರಿದರೆ ಮುರಿಯಲಿ, ಹೇಗೂ ಪುಡಿಮಾಡಿಯೇ ಹಾಕತಕ್ಕದ್ದು. ಬಟ್ಟಲಿನ ಗೋಡೆ ಕೆನೆಯನ್ನು ಹಿಡಿದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಬಿಳಿ, ಕಂದು, ಬಿಳಿ, ಕಂದು ಎಂದು ಅಂಚಿನ ಸೀರೆಯಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆಯವರಿಗೆ ತಕ್ಕ ರೂಪ ಇದೇ. ಗೋಪುರವು ಅಂಗಡಿಯವನಿಗೆ ಇರಲಿ.

ಆರು ಬಟ್ಟಲುಗಳಿಗೆ ಲೆಕ್ಕ ಹೇಳುತ್ತೇನೆ. ಬಟ್ಟಲು ಸಣ್ಣದಾಗಿರಲಿ, 150 ಮಿಲಿಲೀಟರು ಹಿಡಿದರೆ ಧಾರಾಳವಾಯಿತು. ಇದು ಹೊಟ್ಟೆ ತುಂಬುವ ತಿಂಡಿ.

ಮೊದಲು ಮೆರಾಂಗ್, ಅದೂ ಹಿಂದಿನ ದಿನವೇ. ಇದು ಮೊಟ್ಟೆಯ ಬಿಳಿಯ ಭಾಗ ಮತ್ತು ಸಕ್ಕರೆ, ಇವೆರಡರ ಕೂಟ. ಮೂರನೆಯದು ಬರಿಯ ಗಾಳಿ. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, ಹತ್ತು ಪಾಲು ಪ್ರೋಟೀನು. ಬಡಿದಾಗ ಆ ಪ್ರೋಟೀನಿನ ಸುರುಳಿಗಳು ಬಿಚ್ಚಿ, ಗಾಳಿಯ ಗುಳ್ಳೆಗಳ ಸುತ್ತ ಒಂದಕ್ಕೊಂದು ಕೈಹಿಡಿದು ನಿಲ್ಲುತ್ತವೆ. ಈ ಬಲೆಗೆ ಪರಮಶತ್ರು ಜಿಡ್ಡು. ಹಳದಿಯ ಒಂದು ತೊಟ್ಟು ಬಿದ್ದರೂ, ಪಾತ್ರೆಗೆ ಹಿಂದಿನ ದಿನದ ಎಣ್ಣೆಯ ಪಸೆ ಇದ್ದರೂ ನೊರೆ ಏಳುವುದಿಲ್ಲ. ಆದುದರಿಂದ ಪ್ಲಾಸ್ಟಿಕ್ಕಿನ ಪಾತ್ರೆ ಬೇಡ, ಅದು ಜಿಡ್ಡನ್ನು ಬಿಡುವುದಿಲ್ಲ. ಸ್ಟೀಲಿನದೋ ಗಾಜಿನದೋ ಇರಲಿ. ಎರಡು ಮೊಟ್ಟೆಗಳ ಬಿಳಿಗೆ, ಅಂದರೆ ಸುಮಾರು 60 ಗ್ರಾಮಿಗೆ, ನುಣ್ಣಗೆ ಬೀಸಿದ ಸಕ್ಕರೆ 120 ಗ್ರಾಂ, ನಾಲ್ಕು ತೊಟ್ಟು ನಿಂಬೆಯ ರಸ. ಹುಳಿಯು ಬಲೆಯನ್ನು ಸ್ಥಿರವಾಗಿ ಇರಿಸುತ್ತದೆ. ಹಳದಿಯ ಭಾಗವನ್ನು ಕಸ್ಟರ್ಡಿಗೆ ಉಪಯೋಗಿಸಿರಿ. ಕಸ್ಟರ್ಡು ಮಾಡಿದ ದಿನ ಉಳಿದ ಬಿಳಿಯಿಂದ ಇದನ್ನು ಮಾಡುವುದು ಇನ್ನೂ ಜಾಣತನ; ಮೆರಾಂಗಿನ ಬಾಳೇ ಹಾಗೆ ಉಳಿದುದರಿಂದ ನಡೆಯತಕ್ಕದ್ದು.

ಬಿಳಿಯನ್ನು ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ಬಡಿಯಿರಿ. ಕಡ್ಡಿಯನ್ನು ಮೇಲೆತ್ತಿದಾಗ ನೊರೆಯ ತುದಿ ಬಾಗಿ ಬೀಳುವ ಹದಕ್ಕೆ ಬಂದಾಗ ಸಕ್ಕರೆಯನ್ನು ಒಂದೊಂದು ಚಮಚವಾಗಿ ಸೇರಿಸುತ್ತ ಹೋಗಬೇಕು. ಆತುರ ಕೂಡದು. ಎಲ್ಲ ಸೇರಿದಮೇಲೆ ಒಂದು ಚಿಟಿಕೆಯಷ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರೆ ಸಕ್ಕರೆಯ ಮರಳು ತಾಗಬಾರದು; ತಾಗಿದರೆ ಇನ್ನೂ ಬಡಿಯಿರಿ. ಕರಗದ ಸಕ್ಕರೆಯು ಓವನ್ನಿನಲ್ಲಿ ಬೆವರಾಗಿ ಹೊರಗೆ ಬರುತ್ತದೆ. ಹೊಳೆಯುವ, ಗಟ್ಟಿಯಾದ ನೊರೆಯನ್ನು ಬೇಕಿಂಗ್ ಕಾಗದದ ಮೇಲೆ ಅರ್ಧ ಅಂಗುಲ ದಪ್ಪಕ್ಕೆ ಹರಡಿ, 100 ಡಿಗ್ರಿ ಸೆಂಟಿಗ್ರೇಡಿನ ಓವನ್ನಿನಲ್ಲಿ ಒಂದೂವರೆ ಗಂಟೆ ಇಡಿರಿ. ಇದು ಬೇಯಿಸುವುದಲ್ಲ, ಒಣಗಿಸುವುದು. ಸಂಡಿಗೆಗೆ ಬಿಸಿಲು ಹೇಗೋ ಇದಕ್ಕೆ ಓವನ್ನು ಹಾಗೆ. ಕಾಗದದಿಂದ ತಾನಾಗಿ ಬಿಟ್ಟು ಬರಬೇಕು. ಅನಂತರ ಓವನ್ನನ್ನು ಆರಿಸಿ, ಬಾಗಿಲು ತೆರೆಯದೆ ಪೂರ್ತಿ ತಣ್ಣಗಾಗುವವರೆಗೆ ಒಳಗೇ ಬಿಟ್ಟಿರಿ.

ನಾನು ಮೊದಲ ಸಲ ಮಾಡಿದ್ದು ಆಷಾಢಮಾಸದಲ್ಲಿ. ಹೊರಗೆ ಮೂರು ದಿನಗಳಿಂದ ಜಡಿಮಳೆ. ಓವನ್ನಿನಿಂದ ತೆಗೆದಾಗ ಹಪ್ಪಳದಂತೆ ಸದ್ದುಮಾಡುತ್ತಿದ್ದ ಮೆರಾಂಗನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ದೇವರಮನೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅದು ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಿತ್ತು. ನಮ್ಮ ಅತ್ತೆಯವರು ಒಂದನ್ನು ಕೈಗೆತ್ತಿಕೊಂಡು, ಎಳೆದು ನೋಡಿ, "ಇದು ಬೊಂಬಾಯಿ ಮಿಠಾಯಿಯೇನಮ್ಮ?" ಎಂದು ಕೇಳಿದರು. ಅವರು ಕೇಳಿದ್ದು ಹಾಸ್ಯಕ್ಕಲ್ಲ, ನಿಜವಾಗಿಯೇ. ಸಕ್ಕರೆಯು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಪದಾರ್ಥ. ಮೆರಾಂಗಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಅದೇ ಇರುವುದರಿಂದ ಮಳೆಗಾಲದಲ್ಲಿ ಇದು ಅನಿವಾರ್ಯ. ಅಂದಿನಿಂದ ನಾನು ಇದನ್ನು ಕಾರ್ತಿಕದಿಂದ ಶಿವರಾತ್ರಿಯವರೆಗೆ ಮಾತ್ರ ಮಾಡುತ್ತೇನೆ. ತಣ್ಣಗಾದ ಕೂಡಲೇ, ಒಂದು ನಿಮಿಷವೂ ತಡಮಾಡದೆ, ಮುಚ್ಚಳ ಭದ್ರವಾದ ಡಬ್ಬಿಗೆ ಹಾಕುತ್ತೇನೆ. ಹೀಗೆ ಇಟ್ಟರೆ ಎರಡು ವಾರಗಳಾದರೂ ಕೆಡುವುದಿಲ್ಲ. ಮೆತ್ತಗಾದದ್ದನ್ನು ಎಸೆಯಬೇಕಾಗಿಯೂ ಇಲ್ಲ; ಮತ್ತೆ ಅರ್ಧ ಗಂಟೆ ಅದೇ ಶಾಖದಲ್ಲಿ ಇಟ್ಟರೆ ಗರಿ ಮರಳಿ ಬರುತ್ತದೆ. ಅಂದು ನನಗೆ ಇದು ತಿಳಿದಿರಲಿಲ್ಲ.

ಮೊಟ್ಟೆಯನ್ನು ಮುಟ್ಟದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅವರಿಗೂ ಈಗ ದಾರಿಯುಂಟು. 2014ರಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೋಸೆಲ್ ಎಂಬವರು, ಕಾಳುಗಳನ್ನು ಬೇಯಿಸಿದ ನೀರನ್ನು ಬಡಿದರೆ ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆಂದು ಕಂಡುಕೊಂಡರು. ನಾವು ದಿನವೂ ಕಟ್ಟಿನ ಸಾರಿಗೆಂದು ಬಸಿಯುತ್ತಿದ್ದ ನೀರಿನಲ್ಲಿ ಇಂಥ ಗುಣವಿತ್ತೆಂದು ನಮಗಾರಿಗೂ ಹೊಳೆಯಲಿಲ್ಲ! ಕಾಬೂಲಿ ಕಡಲೆಯನ್ನು ಉಪ್ಪು ಹಾಕದೆ ಬೇಯಿಸಿ, ರಾತ್ರಿಯಿಡೀ ಆ ನೀರಿನಲ್ಲಿಯೇ ಬಿಟ್ಟು, ಬೆಳಗ್ಗೆ ಶೋಧಿಸಿರಿ. ಬಂದ ನೀರು ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ ಇರಬೇಕು. ತೆಳುವಾಗಿದ್ದರೆ ಒಲೆಯ ಮೇಲಿಟ್ಟು ಬತ್ತಿಸಿ ತಣಿಸಬೇಕು. ಅದರಲ್ಲಿ 60 ಮಿಲಿಲೀಟರನ್ನು ಮೇಲಿನ ಲೆಕ್ಕದಂತೆಯೇ ಬಡಿಯಿರಿ. ಹೊತ್ತು ಮಾತ್ರ ಎರಡರಷ್ಟು ಹಿಡಿಯುತ್ತದೆ. ಒಣಗಿಸುವಾಗಲೂ ಅರ್ಧ ಗಂಟೆ ಹೆಚ್ಚು ಬೇಕು. ಮೊಟ್ಟೆಯದಕ್ಕಿಂತ ಇದು ನಾಜೂಕು, ಬೇಗ ತೇವವನ್ನೆಳೆಯುತ್ತದೆ. ಆದರೆ ಬಟ್ಟಲಿನಲ್ಲಿ ಪುಡಿಮಾಡಿ ಹಾಕುವವರಿಗೆ ಅದೊಂದು ಕೊರತೆಯಲ್ಲ. ಒಣಗಿದಮೇಲೆ ಕಡಲೆಯ ವಾಸನೆ ನನಗಂತೂ ತಿಳಿಯಲಿಲ್ಲ.

ಎರಡನೆಯದು ಚೆಸ್ಟ್‌ನಟ್ಟಿನ ಲೇಹ್ಯ. ಡಬ್ಬಿಯ ಕ್ರೆಮ್ ದ ಮರೋಂ ಇದ್ದರೆ 250 ಗ್ರಾಂ ಸಾಕು. ಅದಕ್ಕೆ ಸಕ್ಕರೆಯನ್ನು ಸೇರಿಸಲೇಬೇಡಿ, ಅದು ತಾನೇ ಬಲು ಸಿಹಿ. ಸಿಹಿಯಿಲ್ಲದ ತಿರುಳಿನ ಡಬ್ಬಿಯೂ ಸಿಗುವುದುಂಟು, ಆದುದರಿಂದ ಚೀಟಿಯನ್ನು ಓದಿ ತರಬೇಕು. ಹಸಿಯ ಕಾಯಿ ದೊರೆತವರು ಅರ್ಧ ಕಿಲೋ ತೆಗೆದುಕೊಳ್ಳಲಿ. ಹಿಮಾಲಯದ ತಪ್ಪಲಿನ ಕೆಲವೆಡೆ ಈ ಮರವನ್ನು ನೆಟ್ಟು ಬೆಳೆಸಿದ್ದಾರೆ. ಆ ಕಡೆಯ ನಂಟಿದ್ದವರಿಗೆ ಅಲ್ಲಿಂದ ಬಂದೀತು. ಕಾಯಿಯನ್ನು ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ. ಅದರೊಳಗೆ ಹುಳುವಿರುತ್ತದೆ, ಇಲ್ಲವೆ ಒಣಗಿರುತ್ತದೆ. ಉಳಿದವಕ್ಕೆ ಉಬ್ಬಿದ ಬದಿಯಲ್ಲಿ ಚೂರಿಯಿಂದ ಗೀರು ಹಾಕಬೇಕು. ಗೀರು ಹಾಕದೆ ಬೆಂಕಿಗೆ ಹಾಕಿದರೆ ಒಳಗಿನ ಆವಿಗೆ ದಾರಿಯಿಲ್ಲದೆ ಸಿಡಿಯುತ್ತದೆ. ಹದಿನೈದು ನಿಮಿಷ ಕುದಿಸಿ, ಎರಡು ಮೂರರಂತೆ ಹೊರತೆಗೆದು, ಬಿಸಿಯಾಗಿರುವಾಗಲೇ ಸುಲಿಯಿರಿ. ತಣ್ಣಗಾದರೆ ಒಳಪೊರೆ ಮತ್ತೆ ಹಿಡಿದುಕೊಳ್ಳುತ್ತದೆ. ಆ ಪೊರೆ ಒಗರು. ಅಲ್ಲಲ್ಲಿ ಉಳಿದರೂ ಲೇಹ್ಯವೆಲ್ಲ ಒಗರಾಗುತ್ತದೆ. ಕಾಯಿಯೊಳಗೆ ಪೊರೆ ಹೊಕ್ಕು ಬೀಜವನ್ನು ಎರಡಾಗಿ ಸೀಳಿದ್ದರೆ ಫ್ರೆಂಚರು ಅದನ್ನು ಶಾತೇಞ್ ಎನ್ನುತ್ತಾರೆ. ಒಂದೇ ಇಡಿ ಬೀಜವಿದ್ದರೆ ಮರೋಂ. ಅಂಗಡಿಯಲ್ಲಿ ಮರೋಂ ಎನ್ನಿಸಿಕೊಳ್ಳಬೇಕಾದರೆ ಸೀಳಿದ ಕಾಯಿ ನೂರಕ್ಕೆ ಹನ್ನೆರಡಕ್ಕಿಂತ ಕಡಮೆಯಿರಬೇಕೆಂದು ಅವರ ಕಟ್ಟಳೆ. ಅರೆಯುವ ನಮಗೆ ಈ ಜಾತಿಭೇದದಿಂದ ಸುಲಿಯುವ ಬೇಸರದ ಹೊರತು ಬೇರೇನೂ ನಷ್ಟವಿಲ್ಲ.

ಸುಲಿದದ್ದನ್ನು ಕಾಲು ಲೀಟರು ಹಾಲಿನಲ್ಲಿ, ವೆನಿಲಾದ ಅರ್ಧ ಕೋಡನ್ನು ಸೀಳಿಹಾಕಿ, ಬೆರಳಿಗೆ ಹಿಚುಕಿ ಹೋಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿರಿ. ಇಪ್ಪತ್ತೈದು ನಿಮಿಷ ಹಿಡಿದೀತು. ಬಳಿಕ ಬೀಜವನ್ನು ಮಿಕ್ಸರಿನಲ್ಲಿ ಅರೆದು, ಕಬ್ಬಿಣದ ಜರಡಿಯಲ್ಲಿ ಒತ್ತಿ ಸೋಸಬೇಕು. ಈ ಜರಡಿಯ ಕೆಲಸವನ್ನು ತಪ್ಪಿಸುವವರು ಆಮೇಲೆ ಪಶ್ಚಾತ್ತಾಪಪಡುತ್ತಾರೆ. ನೂರು ಗ್ರಾಂ ಸಕ್ಕರೆಗೆ ಅರ್ಧ ಬಟ್ಟಲು ನೀರು ಹಾಕಿ ಎಳೆಪಾಕ ಬರುವ ಮುನ್ನವೇ ಇಳಿಸಿ, ಆ ಪಾಕವನ್ನು ತಿರುಳಿಗೆ ಸೇರಿಸಿ, ಚಿಟಿಕೆ ಉಪ್ಪು ಹಾಕಿ, ದಪ್ಪತಳದ ಬಾಣಲೆಯಲ್ಲಿ ಮಗುಚಿರಿ. ಹಲ್ವದಂತೆ ತಳಬಿಡುವವರೆಗೆ ಕಾಯಕೂಡದು. ಚೆಸ್ಟ್‌ನಟ್ಟಿನ ಪಿಷ್ಟವು ತಣಿದಾಗ ಬಿಗಿಯುತ್ತದೆ. ಒಲೆಯ ಮೇಲೆ ಹದವಾಗಿ ಕಂಡದ್ದು ಬಟ್ಟಲಿನಲ್ಲಿ ಕಲ್ಲಾಗುತ್ತದೆ. ಚಮಚದಿಂದ ಭಾರವಾಗಿ ಬೀಳುವಷ್ಟರಲ್ಲಿ ಇಳಿಸಿರಿ. ಕಡೆಗೆ ಬಿಗಿಯೆನಿಸಿದರೆ ಬೇಯಿಸಿ ಉಳಿದ ಹಾಲನ್ನೇ ಒಂದೆರಡು ಚಮಚ ಸೇರಿಸಬಹುದು. ಕೆಲವರು ರಮ್ ಹಾಕುತ್ತಾರೆ. ಹಾಕದಿದ್ದರೆ ರುಚಿಗೆ ಲೋಪವಿಲ್ಲ.

ಹಲಸಿನ ಬೀಜದಿಂದಲೇ ಮಾಡಿದರಾಗದೆ ಎಂದು ಮಿತ್ರರೊಬ್ಬರು ಕೇಳಿದರು. ಮಾಡಿಯೂ ನೋಡಿದೆ. ತಿನ್ನಬಹುದು, ಮಕ್ಕಳು ತಿಂದರು. ಆದರೆ ಚೆಸ್ಟ್‌ನಟ್ಟಿನಲ್ಲಿ ತನ್ನದೇ ಆದ ಮೃದುವಾದ ಸಿಹಿಯಿದೆ, ಅದು ಹಲಸಿನ ಬೀಜಕ್ಕಿಲ್ಲ; ಸಕ್ಕರೆಯಿಂದ ಅದನ್ನು ತುಂಬಿಕೊಡಲಾಗಲಿಲ್ಲ. ಅದಕ್ಕೆ ಬೇರೆ ಹೆಸರಿಟ್ಟು ಬೇರೆ ತಿಂಡಿಯಾಗಿ ಬಡಿಸುವುದು ಪ್ರಾಮಾಣಿಕತೆ.

ಮೂರನೆಯದು ಕೆನೆ. ನೂರಕ್ಕೆ 35 ಪಾಲು ಕೊಬ್ಬಿರುವ ಕೆನೆ 250 ಮಿಲಿಲೀಟರು ಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 25 ಪಾಲಿನ ಕೆನೆ ಎಷ್ಟು ಬಡಿದರೂ ನಿಲ್ಲುವುದಿಲ್ಲ. ಇದನ್ನು ತಿಳಿಯದೆ ತೋಳು ನೋಯಿಸಿಕೊಂಡವರು ಅನೇಕರು. ಕೆನೆ, ಪಾತ್ರೆ, ಕಡ್ಡಿ ಮೂರನ್ನೂ ಒಂದು ಗಂಟೆ ಶೀತಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಮೊಸರು ಕಡೆದು ಬೆಣ್ಣೆ ತೆಗೆದವರಿಗೆ ಇದರ ತತ್ತ್ವ ಬಿಡಿಸಿ ಹೇಳಬೇಕಾಗಿಲ್ಲ. ತಣ್ಣಗಿರುವಾಗ ಕೊಬ್ಬಿನ ಕಣಗಳು ಅರೆಬರೆಯಾಗಿ ಅಂಟಿಕೊಂಡು ಗಾಳಿಯನ್ನು ಹಿಡಿಯುತ್ತವೆ, ಬಿಸಿಯಾದರೆ ಕರಗುತ್ತವೆ, ಮಿತಿಮೀರಿ ಬಡಿದರೆ ಪೂರ್ತಿ ಕೂಡಿ ಬೆಣ್ಣೆಯಾಗುತ್ತವೆ. ಮೆತ್ತನೆಯ ಗುಡ್ಡೆ ನಿಲ್ಲುವ ಹಂತದಲ್ಲಿ ನಿಲ್ಲಿಸಿರಿ. ಇದಕ್ಕೆ ಸಕ್ಕರೆ ಬೇಡ. ಮೆರಾಂಗೂ ಸಿಹಿ, ಚೆಸ್ಟ್‌ನಟ್ಟೂ ಸಿಹಿ. ಕೆನೆಯಾದರೂ ಬಾಯಿಗೆ ಬಿಡುವು ಕೊಡಲಿ. ನಾನು ಇದಕ್ಕೆ ನೀರು ಬಸಿದ ಗಟ್ಟಿಮೊಸರನ್ನು ಎರಡು ಚಮಚ ಬೆರೆಸುತ್ತೇನೆ. ಆ ನಸುಹುಳಿ ಇಡೀ ಬಟ್ಟಲನ್ನು ಹಗುರಮಾಡುತ್ತದೆ.

ಜೋಡಿಸುವುದು ಐದು ನಿಮಿಷದ ಕೆಲಸ, ಆದರೆ ಅನುಕ್ರಮವನ್ನು ತಪ್ಪಿಸಕೂಡದು. ತಳದಲ್ಲಿ ಲೇಹ್ಯ ಎರಡು ಚಮಚ, ಅದರ ಮೇಲೆ ಕೆನೆ, ಕೆನೆಯ ಮೇಲೆ ಒರಟಾಗಿ ಮುರಿದ ಮೆರಾಂಗ್, ಮತ್ತೆ ಲೇಹ್ಯ, ಮತ್ತೆ ಕೆನೆ. ಕೆನೆಯ ಕೊಬ್ಬು ಮೆರಾಂಗಿಗೆ ಸ್ವಲ್ಪ ಹೊತ್ತು ಕವಚವಾಗುತ್ತದೆ. ಲೇಹ್ಯದ ತೇವ ಬೇಗ ತಾಗುತ್ತದೆ. ಆದುದರಿಂದ ನಡುವಿನ ಮೆರಾಂಗಿನ ಚೂರುಗಳಿಗೆ ಕರಗಿಸಿದ ಚಾಕೊಲೇಟನ್ನು ತೆಳ್ಳಗೆ ಸವರಿ ಆರಿಸಿಟ್ಟುಕೊಂಡರೆ ಒಂದೆರಡು ಗಂಟೆ ಗರಿ ಉಳಿಯುತ್ತದೆ. ಮಿಠಾಯಿಗಾರರು ಮಾಡುವ ಉಪಾಯವೂ ಇದೇ. ತುದಿಯ ಅಲಂಕಾರಕ್ಕೆ ಉಳಿದ ಲೇಹ್ಯವನ್ನು ಶಾವಿಗೆಯ ಒರಳಿಗೆ ತುಂಬಿ, ಸಣ್ಣ ಕಣ್ಣಿನ ಬಿಲ್ಲೆ ಹಾಕಿ, ಬಟ್ಟಲಿನ ಮೇಲೆ ನೇರವಾಗಿ ಒತ್ತಿರಿ. ಒರಳು ಎಣ್ಣೆಯ ಪಸೆಯಿಲ್ಲದೆ ಸ್ವಚ್ಛವಾಗಿರಲಿ; ನಮ್ಮ ಮನೆಯಲ್ಲಿ ಒಮ್ಮೆ ಚೆಸ್ಟ್‌ನಟ್ಟಿನ ಜೊತೆಗೆ ಓಮದ ವಾಸನೆಯೂ ಬಂದಿತ್ತು.

ಬಟ್ಟಲುಗಳನ್ನು ನೆಂಟರು ಊಟಕ್ಕೆ ಕುಳಿತಮೇಲೆ ತುಂಬಿದರೂ ನಡೆಯುತ್ತದೆ. ಲೇಹ್ಯ ಹಿಂದಿನ ದಿನದ್ದು, ಮೆರಾಂಗ್ ಹಿಂದಿನ ವಾರದ್ದು, ಕೆನೆಯೊಂದು ಮಾತ್ರ ಆಗಿನದು. ನೆಂಟರು ಹೇಳಿದ ಹೊತ್ತಿಗೆ ಬರುವವರಲ್ಲದಿದ್ದರೆ ಲೇಹ್ಯವನ್ನೂ ಕೆನೆಯನ್ನೂ ತುಂಬಿ ಶೀತಪೆಟ್ಟಿಗೆಯಲ್ಲಿಡಿರಿ. ಮೆರಾಂಗಿನ ಡಬ್ಬಿಯ ಮುಚ್ಚಳವನ್ನು ಮಾತ್ರ, ಬಾಗಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳುವವರೆಗೆ ತೆರೆಯಬೇಡಿ.